ಇಪ್ಪತ್ತೆರಡು ನಿಮಿಷ ತಡ

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತಿರುವ ಆ ಹೆಂಗಸನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಾರೆ. ಹನ್ನೊಂದು ವರ್ಷವೂ ಹಂಗಾಮಿ. ಈ ಸಲ ಕಾಯಂ ಆಗುವವರ ಪಟ್ಟಿಯಲ್ಲಿ ಅವಳಿದ್ದಳು. ಅಡ್ಡ ಬಂದದ್ದು ಒಂದೇ, ದಿನಾ ಬೀಳುತ್ತಿದ್ದ ‘ತಡ’ ಎಂಬ ಗುರುತು.

ತಡವಾಗಿ ಬರುತ್ತಿದ್ದಳೇ? ಖಂಡಿತ ಇಲ್ಲ. ಏಳೂ ಮುಕ್ಕಾಲಿಗೆ ಕಾವಲುಗಾರ ಬೀಗ ತೆಗೆಯುವಾಗ ಬಾಗಿಲಲ್ಲೇ ನಿಂತಿರುತ್ತಿದ್ದಳು. ಆದರೆ ಅಲ್ಲಿಯ ಹಾಜರಿಗೆ ಮನುಷ್ಯರು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಲಾಗಿನ್ ಆದ ಹೊತ್ತಷ್ಟೇ ಕಾಣುತ್ತದೆ. ಎಂಟಕ್ಕೆ ಲಾಗಿನ್ ಆಗಬೇಕು. ಸ್ವಿಚ್ ಒತ್ತಿದರೆ ಆ ಮುದಿ ಡಬ್ಬ ಕಣ್ಣು ಬಿಡಲು ಇಪ್ಪತ್ತೆರಡು ನಿಮಿಷ!

ರಿಪೇರಿಯವನಿಗೆ ಸಿಬ್ಬಂದಿ ಇಟ್ಟ ಹೆಸರು ನಾಳೆಯಪ್ಪ. “ಅದಕ್ಕೂ ವಯಸ್ಸಾಯ್ತಲ್ಲ ಅಕ್ಕ, ನಿಮ್ ಥರಾನೇ. ನಾಳೆ ನೋಡೋಣ” ಎಂದು ಹಲ್ಲು ಕಿರಿದ. ಮ್ಯಾನೇಜರ್ ತಲೆಯನ್ನೂ ಎತ್ತಲಿಲ್ಲ. “ಮಿಷನ್ ಮೇಲೆ ಹಾಕ್ಬೇಡಿ. ಬೇಗ ಏಳೋದು ಕಲೀರಿ.”

ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ನಕ್ಕಳು. “ನಮ್ದೂ ಹಿಂಗೇ ತೆವಳ್ತಿತ್ತು ಕಣೇ. ಆನ್ ಮಾಡಿದ ತಕ್ಷಣ ಬೇಡದ ಪ್ರೋಗ್ರಾಮೆಲ್ಲ ತಾವೇ ಎದ್ದು ಕೂತ್ಕೋತವೆ. ಸ್ಟಾರ್ಟಪ್ ಪಟ್ಟಿ ತೆಗ್ದು ಅವನ್ನ ಆಫ್ ಮಾಡು. ಏನನ್ನೂ ಅಳಿಸ್ಬೇಡ.”

ಊಟದ ಬಿಡುವಿನಲ್ಲಿ ಚೀಟಿಯಕ್ಕ ಪಟ್ಟಿ ತೆರೆದಳು. ಹದಿನೇಳು ಪ್ರೋಗ್ರಾಮು! ಎಂದೋ ಗುಜರಿಗೆ ಹೋದ ಪ್ರಿಂಟರಿನವು ಮೂರು, ಕೆಲಸ ಬಿಟ್ಟು ಹೋದವರು ಹಾಕಿಕೊಂಡಿದ್ದ ಹರಟೆಯವು, ಹಾಡಿನವು. ಒಂದು ಮಾತ್ರ ಅವಳ ಪರದೆಯ ಚಿತ್ರ ತೆಗೆದು ಐದೈದು ನಿಮಿಷಕ್ಕೆ ಮ್ಯಾನೇಜರಿಗೆ ಕಳಿಸುವುದು. ಅದರ ಮೇಲೆ ಬೆರಳು ನಿಂತಿತು. ಅದು ಆಸ್ಪತ್ರೆಯದ್ದು, ತನ್ನದಲ್ಲ ಎಂದು ಬಿಟ್ಟಳು. ಕೆಲಸಕ್ಕೆ ಬೇಕಾದ ಇನ್ನೆರಡನ್ನೂ ಬಿಟ್ಟು, ಉಳಿದ ಹದಿನಾಲ್ಕನ್ನು ಆಫ್ ಮಾಡಿದಳು.

ಮರುದಿನ ಎರಡೇ ನಿಮಿಷಕ್ಕೆ ಪರದೆ ಬೆಳಗಿತು. ಒಂಬತ್ತು ದಿನ ಒಂದೂ ‘ತಡ’ ಬೀಳಲಿಲ್ಲ.

ಹತ್ತನೆಯ ದಿನ ಮ್ಯಾನೇಜರ್ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಅವಳು ತೆರೆದ ಪಟ್ಟಿಯದೇ ಚಿತ್ರ. ಅವಳು ಪ್ರಾಮಾಣಿಕಳಾಗಿ ಮುಟ್ಟದೆ ಬಿಟ್ಟಿದ್ದ ಆ ಗೂಢಚಾರ ಪ್ರೋಗ್ರಾಮೇ ಚಾಡಿ ಹೇಳಿತ್ತು.

“ಯಾರನ್ನ ಕೇಳಿ ಕೈ ಹಾಕಿದ್ರಿ?”

“ನಿಮಗೆ ನಾಲ್ಕು ಸಲ ಹೇಳಿದ್ನಲ್ಲ ಸಾರ್.”

“ಹೇಳೋದು ಬೇರೆ, ಅಪ್ಪಣೆ ತಗೊಳೋದು ಬೇರೆ.”

“ಹಾಗಾದ್ರೆ ಎಲ್ಲಾ ವಾಪಸ್ ಆನ್ ಮಾಡ್ತೀನಿ, ಬಿಡಿ.”

ಪಕ್ಕದಲ್ಲಿದ್ದ ನಾಳೆಯಪ್ಪ ಗಾಬರಿಯಾದ. “ಅಯ್ಯೋ ಬೇಡ ಅಕ್ಕ, ಈಗ್ಲೇ ಚೆನ್ನಾಗಿದೆ!”

ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿ, “ಆಸ್ಪತ್ರೆಯ ಯಂತ್ರಕ್ಕೆ ಹಾನಿ” ಎಂದು ಬರೆದು ಅವಳ ಹೆಸರನ್ನು ಕಾಯಂ ಪಟ್ಟಿಯಿಂದ ಹೊಡೆದುಹಾಕಿದ.

ಮುಂದಿನ ವಾರ ನಾಳೆಯಪ್ಪ ಉಳಿದ ಎಂಟು ಕೌಂಟರುಗಳಿಗೂ ಹೋಗಿ ಅದೇ ಹಾನಿಯನ್ನು ಮಾಡಿ ಬಂದ. ಮ್ಯಾನೇಜರ್ ಅಪ್ಪಣೆ ಕೊಟ್ಟಿದ್ದ. ಆಫ್ ಮಾಡುವುದು ಎಲ್ಲಿ ಎಂದು ಗೊತ್ತಾಗದೆ ಎರಡು ಸಲ ಚೀಟಿಯಕ್ಕನನ್ನೇ ಕೇಳಿದ. ಅವಳು ಎದ್ದು ಹೋಗಿ ತೋರಿಸಿಕೊಟ್ಟು, ಮತ್ತೆ ತನ್ನ ಹಂಗಾಮಿ ಕುರ್ಚಿಗೆ ಬಂದು ಕೂತಳು.