ನನ್ನ ರಕ್ತ ಓ ಅಲ್ಲ

ಮೊದಲು ಸೋತದ್ದು ತೋಳು. ಅಮೆರಿಕದ ಎವರ್‌ಗ್ರೀನ್‌ನ ನಮ್ಮ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಬಕೆಟ್ ಎತ್ತಲು ಹೋದೆ, ಆಗಲಿಲ್ಲ. ಉಸಿರು ಕಟ್ಟಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ದುಡಿದ ಮೈ ಇದು. ವಯಸ್ಸಾಯಿತೆಂದು ಸುಮ್ಮನಾದೆ. ಮಲ ಕಪ್ಪಗಾದ ಮೇಲೆ ಮಗಳು ಕಾವ್ಯಾ ಬಿಡಲಿಲ್ಲ, ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಕರುಳಿನಲ್ಲಿ ಟ್ಯೂಮರ್. ಅದರಿಂದ ರಕ್ತ ಸೋರುತ್ತಿತ್ತು. ಹಿಮೋಗ್ಲೋಬಿನ್ ತೀರಾ ಇಳಿದಿತ್ತು. ರಕ್ತ ಏರಿಸದೆ ಆಪರೇಷನ್ ಸಾಧ್ಯವಿಲ್ಲ ಎಂದರು.

"ನಂದು ಓ ಪಾಸಿಟಿವ್. ಸುಲಭವಾಗಿ ಸಿಗತ್ತೆ" ಎಂದೆ. ಊರಿನಲ್ಲಿ ಲೈಸೆನ್ಸಿಗೆ ಬರೆಸಿದ್ದೂ ಅದನ್ನೇ.

ಲ್ಯಾಬಿನವರು ಎರಡೆರಡು ಸಲ ಪರೀಕ್ಷೆ ಮಾಡಿದರು. ನನ್ನದು ಓ ಅಲ್ಲ.

ಹೆಮಟಾಲಜಿ ಡಾಕ್ಟರು ಮೈಸೂರಿನ ಹೆಣ್ಣುಮಗಳು, ಕನ್ನಡದಲ್ಲೇ ಬಿಡಿಸಿ ಹೇಳಿದರು. ಎಫ್‌ಯುಟಿ1 ಅಂತ ಒಂದು ಜೀನ್ ಇದೆಯಂತೆ. ಅದರಿಂದ ತಯಾರಾಗುವ ಎನ್‌ಜೈಮ್ ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸುತ್ತದೆ. ಓ ಗುಂಪಿನವರಲ್ಲೂ ಆ ಸಕ್ಕರೆ ಇರುತ್ತದೆ. ನನಗೆ ಅಪ್ಪನಿಂದ ಬಂದ ಜೀನೂ ಕೆಟ್ಟಿದೆ, ಅಮ್ಮನಿಂದ ಬಂದದ್ದೂ ಕೆಟ್ಟಿದೆ. ಆ ಸಕ್ಕರೆಯೇ ಇಲ್ಲ. ಹಾಗಾಗಿ ಓ ರಕ್ತ ಕೊಟ್ಟರೂ ನನ್ನ ದೇಹ ಅದನ್ನು ಒಡೆದುಹಾಕುತ್ತದೆ, ಜೀವಕ್ಕೇ ಅಪಾಯ. ನನ್ನಂಥವರದನ್ನು ಬಾಂಬೆ ಬ್ಲಡ್ ಗ್ರೂಪ್ ಎನ್ನುತ್ತಾರೆ. ಮಾಮೂಲಿ ಪರೀಕ್ಷೆಯಲ್ಲಿ ಅದು ಓ ಎಂದೇ ಕಾಣುತ್ತದಂತೆ. ನನಗೆ ನನ್ನಂಥವರ ರಕ್ತವೇ ಆಗಬೇಕು.

"ಅಂಕಲ್, ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆಗಿದ್ರಾ?"

"ಹೂಂ. ಅಮ್ಮನಿಗೆ ಅಪ್ಪ ಸ್ವಂತ ಸೋದರಮಾವ."

"ಒಡಹುಟ್ಟಿದವರಲ್ಲಿ ಇದೇ ಗ್ರೂಪ್ ಇರಬಹುದು. ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

ಕಾವ್ಯಾ ನನ್ನತ್ತ ತಿರುಗಿದಳು. "ಡ್ಯಾಡ್! ವಾಟ್ ಅಬೌಟ್ ಅತ್ತೆ?"

ತಂಗಿ ಸಾವಿತ್ರಿ ಇಲ್ಲೇ ಹತ್ತಿರದ ಫ್ರೀಮಾಂಟಿನಲ್ಲಿದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂದರೆ ನಾನೇ. ಒಂದು ಗೌರಿ ಹಬ್ಬಕ್ಕೂ ಸೀರೆ, ಬಾಗಿನ ತಪ್ಪಿಸಿದವನಲ್ಲ. ತವರಿನವರು ಹೆಣ್ಣುಮಗಳಿಗೆ ಕೊಡಬೇಕು, ಅವಳಿಂದ ಇಸಿದುಕೊಳ್ಳಬಾರದು ಎಂದೇ ನಾನು ಬೆಳೆದದ್ದು. ಅಂಥದ್ದರಲ್ಲಿ ಅವಳ ಮೈಯ ರಕ್ತವನ್ನೇ ತೆಗೆದುಕೊಳ್ಳುವುದೇ? ಅದಕ್ಕಿಂತ ಹೋಗಿಬಿಡುವುದೇ ವಾಸಿ ಎನಿಸಿತ್ತು.

ಕಾವ್ಯಾ ನನ್ನ ಮಾತಿಗೆ ಕಾಯದೆ ಅತ್ತೆಗೆ ಫೋನ್ ಮಾಡಿದಳು. ಸಾವಿತ್ರಿಯ ರಕ್ತ ಹೊಂದಿತು. ವಾರ್ಡಿನೊಳಗೆ ಕಾಲಿಟ್ಟವಳೇ ಶುರು ಮಾಡಿದಳು.

"ಏನಣ್ಣ, ನಾನು ಹುಟ್ಟೇ ಇಲ್ಲ ಅಂತ ಡಾಕ್ಟ್ರಿಗೆ ಹೇಳಿದೆಯಂತೆ?"

"ಹಾಗಲ್ಲ ಕಣೇ. ಕೊಡಬೇಕಾದೋನು ನಾನು..."

"ನೀನು ಕೊಟ್ಟಿದ್ದನ್ನೆಲ್ಲ ನಾನು ಬೇಡ ಅಂದಿದ್ದೀನಾ? ಆ ಗಿಳಿಹಸಿರು ಸೀರೇನೂ ಇಸ್ಕೊಂಡಿದೀನಿ. ಬಾಯಿ ಮುಚ್ಕೊಂಡು ಮಲಕ್ಕೋ."

ಅತ್ತುಬಿಟ್ಟೆ.

ಅವಳದೊಂದು ಬ್ಯಾಗು, ರೇರ್ ಡೋನರ್ ಒಬ್ಬರದು ಫ್ರೀಜ್ ಮಾಡಿಟ್ಟದ್ದು ಇನ್ನೊಂದು. ಆ ಇನ್ನೊಬ್ಬರು ಯಾರೆಂದು ನನಗೆ ಎಂದೂ ತಿಳಿಯುವುದಿಲ್ಲ, ಎಲ್ಲಿದ್ದರೂ ಚೆನ್ನಾಗಿರಲಿ. ಟ್ಯೂಮರ್ ತೆಗೆದರು. ಈಗ ಮಲ ಬೀಳಲು ಹೊಟ್ಟೆಗೆ ಚೀಲ ಕಟ್ಟಿಕೊಂಡು ಓಡಾಡುತ್ತೇನೆ. ಬಕೆಟ್ ಬೇರೆಯವರು ಎತ್ತುತ್ತಾರೆ, ನಾನು ನೋಡುತ್ತಾ ನಿಲ್ಲುತ್ತೇನೆ. ಸ್ಕ್ಯಾನು ಸದ್ಯಕ್ಕೆ ಚೆನ್ನಾಗಿದೆಯಂತೆ. ಸದ್ಯಕ್ಕೆ ಎಂಬ ಮಾತನ್ನೂ ಡಾಕ್ಟರು ಸೇರಿಸಿಯೇ ಹೇಳುತ್ತಾರೆ.

ಕರುಳು ಮತ್ತೆ ಜೋಡಿಸಲು ಇನ್ನೊಂದು ಆಪರೇಷನ್ ಇದೆ. ಅದಕ್ಕೂ ರಕ್ತ ಸಿದ್ಧವಿರಬೇಕು. ಕಾವ್ಯಾ ಫೋನ್ ತೆಗೆದಳು. ನಾನು ಅವಳ ಕೈಯಿಂದ ಇಸಿದುಕೊಂಡೆ.

"ಸಾವಿತ್ರಿ, ಇನ್ನೊಂದು ಸಲ ರಕ್ತ ಬೇಕಂತೆ. ಕೊಡ್ತೀಯೇನಮ್ಮ?"

ಫೋನನ್ನು ಕಿವಿಗೆ ಒತ್ತಿಕೊಂಡೆ.

"ಕೊಡ್ತೀನಿ ಕಣಣ್ಣ. ಅದಕ್ಯಾಕೆ ಅಷ್ಟು ಮೆಲ್ಲಗೆ ಕೇಳ್ತೀಯ?"