ಬೀಗ ಹಾಕಿದ ಮನೆಯ ಕೆಂಪು ಚುಕ್ಕಿ

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿಯಿದ್ದ ನನ್ನನ್ನು, ತಿ. ನರಸೀಪುರದಲ್ಲಿ ನೆರೆಗೆಂದು ತೆರೆದಿದ್ದ ತಾತ್ಕಾಲಿಕ ಕಂಟ್ರೋಲ್ ರೂಮಿಗೆ ನಕ್ಷೆ ನೋಡಿಕೊಳ್ಳಲು ಹಾಕಿದ್ದರು. ನಾನು ಟ್ರೇಸಿಂಗ್ ಪೇಪರಿನ ಮೇಲೆ ಮಸಿಯಲ್ಲಿ ಗೆರೆ ಎಳೆದು ಕೆಲಸ ಕಲಿತ ಡ್ರಾಫ್ಟ್ಸ್‌ಮನ್. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ನಕ್ಷೆ ಕಲಿತೆ. ತಡವಾಗಿ ಕಲಿತವನಿಗೆ ಇರುವ ಜಂಬ ನನಗೂ ಇತ್ತು, ಒಂದು ಕೈ ಹೆಚ್ಚಾಗಿಯೇ ಇತ್ತು.

ಆ ಮಳೆಗಾಲಕ್ಕೆ ಮುಂಚೆಯೇ ನಾನೊಂದು ವೆಬ್ ಮ್ಯಾಪ್ ಸಿದ್ಧಮಾಡಿದ್ದೆ. ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗೆ ಕಪಿಲೆಯ ಎರಡೂ ದಡದ ಊರುಗಳಲ್ಲಿ ಒಂದೊಂದು ಮನೆಗೂ ಒಂದೊಂದು ಕೆಂಪು ಚುಕ್ಕಿ. ಚುಕ್ಕಿಯನ್ನು ಒತ್ತಿದರೆ ಆ ಮನೆಯ ವಿವರ ತೆರೆದುಕೊಳ್ಳುತ್ತಿತ್ತು. ಮನೆಯವರನ್ನು ಸಾಗಿಸಿದ ಮೇಲೆ ಚುಕ್ಕಿ ಹಸಿರಾಗುತ್ತಿತ್ತು. ಸಾವಿರಾರು ಚುಕ್ಕಿಗಳಲ್ಲಿ ಬೇಕಾದ್ದನ್ನು ಮಾತ್ರ ಉಳಿಸಿಕೊಳ್ಳಲು ಫಿಲ್ಟರ್‌ಗಳಿದ್ದವು. ಒಂದು ಫಿಲ್ಟರ್ ಹಾಕಿದರೆ ನದಿಗೆ ಹತ್ತಿರದ ಮನೆಗಳಷ್ಟೇ ಉಳಿಯುತ್ತವೆ. ಎರಡನೆಯದು ಹಾಕಿದರೆ ಅವುಗಳಲ್ಲಿ ನಡೆಯಲಾಗದವರು ಇರುವ ಮನೆಗಳು. ಮೂರನೆಯದು ‘ಜನರಿದ್ದಾರೆ’ ಎಂದು ಆ ದಿನ ಗುರುತಾದ ಮನೆಗಳು. ಮೂರೂ ಷರತ್ತಿಗೆ ಒಪ್ಪಿದ ಚುಕ್ಕಿ ಮಾತ್ರ ಪರದೆಯ ಮೇಲೆ ನಿಲ್ಲಬೇಕು. ಹಿಟ್ಟನ್ನು ಒಂದರ ಕೆಳಗೊಂದು ಮೂರು ಜರಡಿಯಲ್ಲಿ ಹಿಡಿದ ಹಾಗೆ. ದೋಣಿ ಮೊದಲು ಯಾವ ಮನೆಗೆ ಹೋಗಬೇಕು ಎಂದು ಈ ಮೂರು ಜರಡಿ ಹೇಳುತ್ತಿದ್ದವು.

ಮೂರನೆಯ ವಿವರವನ್ನು ಪ್ರತಿ ಊರಿನ ಗ್ರಾಮ ಸಹಾಯಕ ತನ್ನ ಮೊಬೈಲಿನಿಂದ ತುಂಬಬೇಕಿತ್ತು. ಅವನಿಗೆ ನಾನು ಕೊಟ್ಟಿದ್ದ ಉತ್ತರಗಳು ಮೂರೇ: ಜನರಿದ್ದಾರೆ, ಸಾಗಿಸಲಾಗಿದೆ, ಬೀಗ ಹಾಕಿದೆ. ಇವುಗಳಲ್ಲಿ ಒಂದನ್ನು ಮಾತ್ರ ಒತ್ತಬಹುದಿತ್ತು. ಬೀಗ ಹಾಕಿದ ಮನೆಯಲ್ಲಿ ಯಾರಿರುತ್ತಾರೆ, ನೆಂಟರ ಮನೆಗೆ ಹೋಗಿರುತ್ತಾರೆ ಎಂಬುದು ನನ್ನ ಲೆಕ್ಕ.

ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರು. ಹತ್ತು ಗಂಟೆಗೆಲ್ಲ ನಂಜನಗೂಡಿನ ಸ್ನಾನಘಟ್ಟ ಮುಳುಗಿತು. ಮಧ್ಯಾಹ್ನದೊಳಗೆ ನಾನು ಹೇಳಬೇಕೆಂದಿರುವ ಊರಿಗೂ ನೀರು ನುಗ್ಗಿತು. ಊರಿನ ಹೆಸರು ಬೇಡ, ಆ ಜನರಿಗೆ ಸಂಕೋಚ. ನಡೆಯಬಲ್ಲವರು ಅಷ್ಟರಲ್ಲೇ ಊರು ಬಿಟ್ಟಿದ್ದರು. ನಮ್ಮ ಕಡೆ ಇದ್ದದ್ದು ಒಂದೇ ದೋಣಿ. ಫಿಲ್ಟರ್ ಹಾಕಿದಾಗ ಆ ಊರಿನಲ್ಲಿ ಒಂಬತ್ತು ಚುಕ್ಕಿ ಉಳಿದವು. ದೋಣಿಯವರು ಹೋಗಿ ಬಂದು, ಹೋಗಿ ಬಂದು, ಒಬ್ಬೊಬ್ಬರನ್ನೇ ಎತ್ತಿ ತಂದರು. ಮೂರು ಗಂಟೆಯ ಹೊತ್ತಿಗೆ ಪರದೆಯ ಮೂಲೆಯಲ್ಲಿ, ಉಳಿದ ಚುಕ್ಕಿಗಳ ಲೆಕ್ಕದಲ್ಲಿ, ಸೊನ್ನೆ ಬಂತು.

ನಮ್ಮ ಉಸ್ತುವಾರಿ ಅಧಿಕಾರಿ ಮಾತು ಕಡಿಮೆಯ ಹೆಂಗಸು. ಸೊನ್ನೆ ನೋಡಿ, “ಚೆನ್ನಾಗಿ ಮಾಡಿದ್ದೀರಿ. ದೋಣಿ ತಲಕಾಡು ಕಡೆಗೆ ಕಳಿಸೋಣ” ಎಂದರು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಹೊಗಳಿಸಿಕೊಂಡವನಿಗೆ ಇನ್ನಷ್ಟು ಬೇಕೆನಿಸುತ್ತದಲ್ಲ! “ನೋಡಿ ಮೇಡಂ, ಒಂದು ಫಿಲ್ಟರ್ ತೆಗೆದರೆ ಎಷ್ಟು ವ್ಯತ್ಯಾಸ ಆಗುತ್ತೆ” ಎಂದು ಮೂರನೆಯದನ್ನು ತೆಗೆದೆ. ಒಂಬತ್ತು ಹಸಿರು ಚುಕ್ಕಿ ಬರಬೇಕಿತ್ತು, ಬಂದವು. ಅವುಗಳ ಪಕ್ಕದಲ್ಲಿ, ನದಿಗೆ ಎಲ್ಲಕ್ಕಿಂತ ಹತ್ತಿರದಲ್ಲಿ, ಒಂದು ಕೆಂಪು ಚುಕ್ಕಿಯೂ ಬಂತು.

ಒತ್ತಿದೆ. ಮಾದೇಶ, ನಲವತ್ತೆರಡು ವರ್ಷ. ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅದರ ಕೆಳಗಿನ ಸಾಲು: ಬೀಗ ಹಾಕಿದೆ.

ಮೇಡಂ ಎರಡು ಸಲ ಓದಿದರು. “ನಡೆಯಕ್ಕಾಗದವನು ಬೀಗ ಹಾಕಿಕೊಂಡು ಎಲ್ಲಿಗೆ ಹೋದ?”

ಆ ಊರಿನ ಗ್ರಾಮ ಸಹಾಯಕ ಸಿದ್ದರಾಜುವಿಗೆ ಫೋನ್ ಮಾಡಿದೆ. ಅವನು ಪಕ್ಕದ ಊರಿನ ಶಾಲೆಯ ನೆರೆ ಶಿಬಿರದಲ್ಲಿ ಊಟ ಬಡಿಸುತ್ತಿದ್ದ. ಐದನೆಯ ಸಲಕ್ಕೆ ಸಿಕ್ಕಿದ.

“ಮಾದೇಶನ ಮನೆಗೆ ಬೀಗ ಅಂತ ಹಾಕಿದ್ದೀಯಲ್ಲಪ್ಪ, ಅವನನ್ನು ಎಲ್ಲಿಗೆ ಸಾಗಿಸಿದರು?”

“ಸಾಗ್ಸದೆಲ್ಲಿ ಸಾ? ಅವ್ನು ಒಳಗೇ ಅವ್ನೆ. ಎಡ್ತಿ ಬೆಳಿಗ್ಗೆ ನಂಜನಗೂಡು ಪ್ಯಾಕ್ಟ್ರಿಗೆ ಓಗುವಾಗ ಬೀಗ ಆಕ್ಕಂಡು ಓಯ್ತಾಳೆ. ಕೋತಿ ಕಾಟ ಕಣ್ಸಾ, ಅವ್ನಿಗೆ ಎದ್ದು ಓಡ್ಸಕ್ಕೆ ಆಗಲ್ವಲ್ಲ. ಇವತ್ತೂ ನೀರು ಬರಕ್ಕೆ ಮುಂಚೆನೇ ಓಗವ್ಳೆ. ಯಾಕ್ ಸಾ, ಬೋಟ್ನವ್ರು ಕರ್ಕಬರ್ಲಿಲ್ವಾ?”

“ಒಳಗೇ ಇದ್ದಾನಂತೆ” ಎಂದೆ. ಮೇಡಂ ಫೋನ್ ಕಸಿದುಕೊಂಡು, “ಮತ್ತೆ ‘ಜನರಿದ್ದಾರೆ’ ಅಂತ ಯಾಕೆ ಹಾಕಲಿಲ್ಲ?” ಎಂದು ಕೇಳಿದರು.

“ಬೀಗ ಆಕಿತ್ತಲ್ಲ ಮೇಡಂ, ಇದ್ದುದ್ದನ್ನೇ ಒತ್ದೆ. ಅವ್ನಿಗೆ ನಡಿಯಕ್ಕಾಗಲ್ಲ ಅಂತ ಮೊದ್ಲೇ ಬರ್ದಿದ್ದೆ. ಎರಡೂ ಸೇರ್ಸಿ ನೋಡುದ್ರೆ ಕಂಪ್ಯೂಟ್ರಿಗೆ ಗೊತ್ತಾಯ್ತದೆ, ಬೀಗ ಒಡಿಯೋರ್ನ ಕಳಿಸ್ತಾರೆ ಅನ್ಕಂಡೆ. ಕಿಟಕೀಲಿ ಕೂಗಿ ಅವ್ನಿಗೂ ಏಳ್ದೆ, ಬೋಟ್ ಬತ್ತದೆ, ಎದ್ರುಕಬೇಡ ಅಂತ.”

ಸಿದ್ದರಾಜು ಕಣ್ಣಿಗೆ ಕಂಡ ಎರಡೂ ಸತ್ಯವನ್ನು ಬರೆದಿದ್ದ. ಎರಡನ್ನೂ ಒಟ್ಟಿಗೆ ಇಟ್ಟರೆ ಯಾರಿಗಾದರೂ ಅರ್ಥವಾಗುತ್ತಿತ್ತು. ಒಟ್ಟಿಗೆ ಇಡುವುದೇ ನನ್ನ ಕೆಲಸ, ನಾನು ಒಂದನ್ನು ಜರಡಿಗೆ ಹಾಕಿ ಇನ್ನೊಂದನ್ನು ಕಣ್ಣಿಂದ ಮರೆಮಾಡಿದ್ದೆ. ಸಿದ್ದರಾಜು ಗುರುತು ಹಾಕಿದ ಹನ್ನೊಂದು ಗಂಟೆಯಿಂದ ಮೂರು ಗಂಟೆವರೆಗೆ ಆ ಮನುಷ್ಯ ನನ್ನ ಮ್ಯಾಪಿನಲ್ಲೇ ಇದ್ದ. ಪರದೆಯ ಮೇಲೆ ಇರಲಿಲ್ಲ, ಅಷ್ಟೇ.

ದೋಣಿಯನ್ನು ಟ್ರ್ಯಾಕ್ಟರಿಗೆ ಹೇರಿಯಾಗಿತ್ತು. ಮೇಡಂ ಅದನ್ನು ತಿರುಗಿಸಿದರು. ಊರ ಬಾಗಿಲಲ್ಲಿ ಸಿದ್ದರಾಜುವೂ ಹತ್ತಿಕೊಂಡ. ನಾನು ಕಂಟ್ರೋಲ್ ರೂಮಿನಲ್ಲಿ ಆ ಚುಕ್ಕಿಯನ್ನೇ ನೋಡುತ್ತಾ ಕುಳಿತೆ. ಯಾರೋ ತಂದಿಟ್ಟ ಕಾಫಿ ಆರಿಹೋಯಿತು. ಬಿದ್ದವನನ್ನು ತುಳಿದು ದಾಟಿದ ಹಾಗೆ ಮನಸ್ಸು ಹಿಂಡುತ್ತಿತ್ತು. ನಲವತ್ತು ನಿಮಿಷಕ್ಕೆ ಫೋನ್ ಬಂತು.

“ಸಿಕ್ದ ಸಾ! ಜೀವ ಅದೆ!” ಸಿದ್ದರಾಜು ಅಳುತ್ತಿದ್ದ. ಬೀಗ ಒಡೆದು ಒಳಗೆ ಹೋದಾಗ ನೀರು ಮಂಚದ ಮೇಲೆ ಒಂದು ಗೇಣು ನಿಂತಿತ್ತಂತೆ. ಮಾದೇಶ ಕಿಟಕಿಯ ಸರಳಿಗೆ ಪಂಚೆ ಕಟ್ಟಿ, ಅದನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಮೇಲೆ ಹಿಡಿದಿದ್ದನಂತೆ.

ಮರುದಿನ ನಾನು ಆ ಶಾಲೆಗೆ ಹೋದೆ. ಐದನೆಯ ತರಗತಿಯ ಕೋಣೆಯಲ್ಲಿ ಬೆಂಚು ಜೋಡಿಸಿ ಅವನನ್ನು ಮಲಗಿಸಿದ್ದರು. ಹೆಂಡತಿ ಮಂಜುಳಾ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಿಂದಿನ ದಿನ ರಸ್ತೆ ಮುಳುಗಿ ನಂಜನಗೂಡಿನಲ್ಲೇ ಸಿಕ್ಕಿಕೊಂಡಿದ್ದಳು. ಕರೆಂಟಿಲ್ಲದೆ ಗಂಡನ ಫೋನ್ ಸತ್ತಿತ್ತು. ಎಲ್ಲರನ್ನೂ ಕರೆತಂದಾಯಿತು ಎಂದು ಯಾರೋ ಹೇಳಿದ್ದನ್ನು ನಂಬಿದ್ದಳು. ಆ ‘ಎಲ್ಲರೂ’ ನನ್ನ ಸೊನ್ನೆಯಿಂದ ಹೊರಟ ಮಾತು.

ತಪ್ಪು ನನ್ನದು ಎಂದು ಹೇಳಿಕೊಳ್ಳಲೆಂದೇ ಹೋಗಿದ್ದೆ. ಹೇಳಿದೆ. ಮಾದೇಶನಿಗೆ ಫಿಲ್ಟರ್ ಎಂದರೇನು ಎಂದು ಅರ್ಥವಾಯಿತೋ ಇಲ್ಲವೋ. ಅವನು ನನ್ನನ್ನು ಬೈಯಲಿಲ್ಲ.

“ಕೂಗಿದ್ದರೆ ದೋಣಿಯವರಿಗೆ ಕೇಳುತ್ತಿತ್ತಲ್ಲಪ್ಪ, ಹತ್ತಿರವೇ ಓಡಾಡಿದ್ದಾರೆ” ಎಂದೆ. ಯಾಕೆ ಹಾಗೆಂದೆನೋ, ಈಗಲೂ ನಾಚಿಕೆಯಾಗುತ್ತದೆ.

“ಮೋಟ್ರು ಸದ್ದು ನಾಕೈದು ಸಲ ಕೇಳ್ತು ಸಾ, ಗ್ವಾಡೆ ಪಕ್ಕದಲ್ಲೇ ಓಯ್ತು. ಬತ್ತದೆ ಅಂತ ಸಿದ್ದರಾಜಣ್ಣ ಏಳಿದ್ನಲ್ಲ. ನನ್ ಸರದಿ ಇನ್ನೂ ಬಂದಿಲ್ಲ ಅನ್ಕಂಡು ಸುಮ್ನಿದ್ದೆ.”

ನಾನು ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ.

ಆ ನಕ್ಷೆಯಲ್ಲಿ ಆಮೇಲೆ ಒಂದು ಬದಲಾವಣೆ ಮಾಡಿದೆ. ಫಿಲ್ಟರ್ ಹಾಕಿದಾಗ ಎಷ್ಟು ಚುಕ್ಕಿ ಉಳಿದವು ಎಂದಷ್ಟೇ ಅಲ್ಲ, ಯಾವ ಫಿಲ್ಟರ್ ಯಾವ ಮನೆಯನ್ನು ಮರೆಮಾಡಿತು ಎಂಬ ಪಟ್ಟಿಯೂ ಪಕ್ಕದಲ್ಲಿ ಬರುತ್ತದೆ. ಅದನ್ನು ಓದದೆ ದೋಣಿಯನ್ನು ಬೇರೆ ಊರಿಗೆ ಕಳಿಸುವಂತಿಲ್ಲ. ನಿವೃತ್ತನಾದ ಮೇಲೂ ಹೊಸಬರಿಗೆ ಈ ಕೆಲಸ ಕಲಿಸುವಾಗ ನಾನು ಹೇಳುವುದು ಒಂದೇ ಮಾತು: ಪರದೆಯ ಮೇಲೆ ಸೊನ್ನೆ ಬಂದಾಗ ಏಳಬೇಡಿ. ಹಾಕಿದ ಷರತ್ತುಗಳನ್ನು ಒಂದೊಂದಾಗಿ ತೆಗೆದು ನೋಡಿ. ಆ ಸೊನ್ನೆಯ ಹಿಂದೆ ಯಾರೋ ಒಬ್ಬರು ನಮ್ಮನ್ನು ನಂಬಿ, ಕೂಗದೆ ಕಾಯುತ್ತಿರಬಹುದು.