ಗಿಣಿಯ ದವಡೆ ಹಲ್ಲು ಮತ್ತು ನೀಲಿ ನೀರು

ನನ್ನ ಬಾಮೈದ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುವುದಿಲ್ಲ. ಚಪ್ಪಲಿ ಬಿಡುತ್ತಲೇ ಕತ್ತೆತ್ತಿ ಸೂರು ನೋಡುತ್ತಾನೆ. "ಇಲ್ಲಿ ನೀರಿಳೀತಿದೆ," ಅನ್ನುತ್ತಾನೆ. "ಚೆನ್ನಾಗಿದೀರಾ?" ಅನ್ನುವುದೆಲ್ಲ ಆಮೇಲೆ. ಹೆರಿಗೆ ಆಸ್ಪತ್ರೆಯಲ್ಲಿ ಮಗಳನ್ನು ಮೊದಲ ಸಲ ಕೈಗೆ ಕೊಡಲು ಬಂದಾಗಲೂ ಅದೇ ಕಥೆ. ನರ್ಸಮ್ಮ ಕೂಸನ್ನು ಚಾಚಿದರೆ ಇವನು ಮೂಲೆಯ ತೇವ ತೋರಿಸಿ, "ಒಳಗೆ ಪೈಪು ಒಡೆದಿದೆ, ಬೇಗ ನೋಡ್ಸಿ," ಅಂದ. ನನ್ನ ಹೆಂಡತಿ, ಅಂದರೆ ಅವನ ಅಕ್ಕ, ನನ್ನ ತೋಳು ಹಿಡಿದುಕೊಳ್ಳದಿದ್ದರೆ ಅವತ್ತೇ ಅವನ ನೆತ್ತಿಗೊಂದು ಬಿಡುತ್ತಿದ್ದೆ.

ಅವನ ಕೆಲಸವೇ ಅದು. ತಾರಸಿ, ನೀರಿನ ಟ್ಯಾಂಕು, ಬಚ್ಚಲು ಎಲ್ಲಿ ಸೋರಿದರೂ ಬಿರುಕು ಹುಡುಕಿ ಮುಚ್ಚುತ್ತಾನೆ. ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅವನು ಲೀಕು. ನಾನು ಪಂಕ್ಚರ್ ಅಂಗಡಿಯವನು. ಗಾಳಿ ಹೋಗುವ ತೂತು ನನಗೆ, ನೀರು ಹೋಗುವ ತೂತು ಅವನಿಗೆ. ಇಬ್ಬರೂ ತೂತು ಹುಡುಕುವವರೇ ಆದರೆ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು ಹೇಳಿ.

ಲೀಕುಗೆ ಒಂದು ಮಂತ್ರವಿದೆ: "ಮುಚ್ಚೋ ಮುಂಚೆ ಒಣಗಿಸು, ಮುಚ್ಚಿದ ಮೇಲೆ ನೀರು ನಿಲ್ಲಿಸು." ಹಸಿ ಬಿರುಕಿನ ಮೇಲೆ ಏನು ಬಳಿದರೂ ಅದು ಸಿಪ್ಪೆಯ ಹಾಗೆ ಎದ್ದು ಬರುತ್ತದಂತೆ. ಬಳಿದದ್ದು ಒಣಗಿದ ಮೇಲೆ ತಾರಸಿಗೆ ನೀರು ತುಂಬಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಒಂದಿಡೀ ರಾತ್ರಿ ಬಿಡುತ್ತಾನೆ. ಕೆಳಗೆ ಎಲ್ಲಾದರೂ ನೀಲಿ ಕಂಡರೆ ಅಲ್ಲಿ ತಪ್ಪಿದೆ ಅಂತ. ಕೆಲಸದ ಮಟ್ಟಿಗೆ ಸರಿ, ಒಪ್ಪೋಣ. ಆದರೆ ಈ ಮಹಾರಾಯ ಮಗಳಿಗೆ ಹೊಸ ಶೂ ತಂದರೂ ನೀರು ತುಂಬಿಸಿ ನೋಡುತ್ತಾನೆ. ಪಾಪ, ಆ ಮಗು ಶಾಲೆಯ ಮೊದಲ ದಿನ ಪಚಪಚ ಸದ್ದು ಮಾಡಿಕೊಂಡು ಹೋಯಿತು.

ಇಷ್ಟೆಲ್ಲ ಜಾಗರೂಕ ಮನುಷ್ಯ ತನ್ನ ಬಾಯಿಯನ್ನು ಮಾತ್ರ ನೋಡಿಕೊಳ್ಳಲಿಲ್ಲ. ಮೂವತ್ತು ತುಂಬುವಷ್ಟರಲ್ಲಿ ದವಡೆ ಹಲ್ಲುಗಳೆಲ್ಲ ಹುಳುಕು ಹಿಡಿದು ಒಂದೊಂದಾಗಿ ಕಿತ್ತಿಸಿಕೊಂಡ. ಈಗ ಏನು ತಿಂದರೂ ಮುಂದಿನ ಹಲ್ಲಲ್ಲೇ, ಅಳಿಲಿನ ಹಾಗೆ. ನಗು ಬಂದರೆ ಅಂಗೈ ಬಾಯಿಗೆ ಅಡ್ಡ ಹೋಗುತ್ತದೆ. ಅಪ್ಪನಿಗೆ ಹಿಂದೆ ಹಲ್ಲಿಲ್ಲ ಅನ್ನುವುದು ಮಗಳಿಗೂ ಗೊತ್ತಿರಲಿಲ್ಲ.

ಮಗಳನ್ನು ನಾವೆಲ್ಲ ಗಿಣಿ ಅನ್ನುತ್ತೇವೆ. ಒಂದನೇ ಕ್ಲಾಸು. ಬೆಳಗ್ಗೆ ಕಣ್ಣು ಬಿಡುವ ಮುಂಚೆ ಬಾಯಿ ಬಿಡುತ್ತಾಳೆ, ನಿದ್ದೆಯಲ್ಲೂ ಯಾರನ್ನೋ ಪ್ರಶ್ನೆ ಕೇಳುತ್ತಿರುತ್ತಾಳೆ. ಒಂದು ದಿನ ಅವಳ ಶಾಲೆಗೆ ಹಲ್ಲಿನ ಡಾಕ್ಟ್ರಮ್ಮ ಬಂದು ಎಲ್ಲ ಮಕ್ಕಳ ಬಾಯಿ ನೋಡಿ ಹೋದರು. ಗಿಣಿಯ ತಾಯಿಯನ್ನು ಕರೆಸಿ ಹೇಳಿದರು. ಹಾಲು ಹಲ್ಲುಗಳ ಹಿಂದೆ ನಾಲ್ಕು ಹೊಸ ದವಡೆ ಹಲ್ಲು ಬಂದಿವೆ. ಯಾವುದೂ ಬೀಳದೆ ಬಂದಿದ್ದರಿಂದ ಮನೆಯವರಿಗೆ ಗೊತ್ತಾಗಿಲ್ಲ. ಇವು ಮುದುಕಿಯಾಗುವವರೆಗೂ ಬೇಕಾದ ಹಲ್ಲು. ಅಗಿಯುವ ಮೇಲ್ಭಾಗದಲ್ಲಿ ಆಳವಾದ ಗೀರುಗಳಿವೆ, ಬ್ರಷ್ಷಿನ ಎಳೆ ಅದರೊಳಗೆ ಇಳಿಯುವುದಿಲ್ಲ, ತಿಂದದ್ದು ಅಲ್ಲೇ ಕೂತು ಹುಳುಕು ಶುರುವಾಗುತ್ತದೆ. ಒಂದರಲ್ಲಿ ಆಗಲೇ ಕಂದು ಗೆರೆ ಇದೆ. ಈಗಲೇ ಸೀಲಂಟ್ ಅನ್ನುವ ಲೇಪ ಹಾಕಿಸಿ, ಗೀರು ಮುಚ್ಚಿಹೋಗುತ್ತದೆ.

ಗಿಣಿಯ ತಾಯಿ ಟೈಲರ್. ಮಿಷನ್ ತುಳಿಯುತ್ತಲೇ ಈ ಸುದ್ದಿ ಹೇಳಿದಳು. ನಾನೂ ಅಲ್ಲೇ ಇದ್ದೆ.

"ಬಾಯೊಳಗೆ ಸೀಲಾ?" ಅಂದ ಲೀಕು. "ಒಣ ಜಾಗ ಎಲ್ಲಿದೆ ಅಲ್ಲಿ? ಹಗಲೂ ರಾತ್ರಿ ಜೊಲ್ಲು ಊರ್ತಿರತ್ತೆ. ಅದು ಬಾಯಲ್ಲ, ಬಾವಿ. ನಿಲ್ಲಲ್ಲ ಬಿಡು."

"ರೀ, ನಿಮ್ಮ ತಾರಸಿ ಪುರಾಣ ತಾರಸಿ ಮೇಲಿಟ್ಕೊಳ್ಳಿ," ಅಂದಳು ಅವಳು.

"ನಾನು ಕೆಲಸ ತಿಳಿದೋನು ಹೇಳ್ತಿದೀನಿ."

ನನಗೆ ರೇಗಿತು. "ಲೋ, ನಿನ್ನ ಹಾಗೆ ಅವಳೂ ಅಳಿಲಾಗ್ಬೇಕೇನೋ?"

ಅವನ ಅಂಗೈ ತಾನಾಗಿ ಬಾಯಿಗೆ ಹೋಯಿತು. "ಅವಳಿಗೆ ಆ ಗತಿ ಬೇಡ ಭಾವ. ಹೋಗೋಣ. ನೀನೂ ಬಾ," ಅಂದ.

ಹೋದೆವು. ಡಾಕ್ಟ್ರಮ್ಮನ ಕ್ಲಿನಿಕ್ಕು ತಲುಪಿದಾಗ ಅವನ ಹೆಗಲಲ್ಲಿ ದೊಡ್ಡ ಚೀಲ. ಏನೋ ಅದು ಅಂದರೆ, ತಾರಸಿಯ ಧೂಳು ಊದುವ ಮಿಷನ್ನು. "ಒಣಗಿಸೋಕೆ ಅವರ ಹತ್ರ ಏನಿರತ್ತೋ ಏನೋ," ಅಂದ. ಡಾಕ್ಟ್ರಮ್ಮ ಅದನ್ನು ನೋಡಿ, "ಇದನ್ನ ಆನ್ ಮಾಡಿದ್ರೆ ಹಲ್ಲು ಒಣಗಲ್ಲಪ್ಪ, ಮಗುವೇ ಹಾರಿಹೋಗುತ್ತೆ. ಆಚೆ ಇಡಿ," ಅಂದರು. ನಲವತ್ತು ದಾಟಿದ ಹೆಂಗಸು, ದನಿ ಏರಿಸುವುದೇ ಇಲ್ಲ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಗಿಣಿ ಕುರ್ಚಿಯಲ್ಲಿ ಒರಗಿಕೊಂಡು, ಎದುರಿಗಿದ್ದ ಒಂದೊಂದು ಸಾಮಾನನ್ನೂ ತೋರಿಸಿ ಅದೇನು ಇದೇನು ಕೇಳುತ್ತಿದ್ದಳು. ಡಾಕ್ಟ್ರಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಕೊರೆಯುವುದಿಲ್ಲ, ಸೂಜಿ ಇಲ್ಲ, ನೋಯುವುದಿಲ್ಲ ಅಂದರು. ಅಷ್ಟರಲ್ಲಿ ನಮ್ಮವನು ಕತ್ತೆತ್ತಿದ. ಸರಿಯಾಗಿ ಕುರ್ಚಿಯ ಮೇಲಿನ ಸೂರಿನಲ್ಲಿ ತಟ್ಟೆಯಗಲ ಒಂದು ಹಳದಿ ಕಲೆ.

"ಮೇಡಂ, ಮೇಲೆ ಸೋರ್ತಿದೆ. ಸೋರೋ ಸೂರಿನ ಕೆಳಗೆ ಸೀಲ್ ಮಾಡ್ತೀರಾ?"

"ನಾನು ಮಾಡೋದು ಹಲ್ಲಿಗಪ್ಪ."

"ನೋಡ್ಕೊಂಡು ಬರ್ತೀನಿ," ಅಂತ ಆಸಾಮಿ ತಾರಸಿ ಹತ್ತಿಯೇ ಬಿಟ್ಟ.

ಅವನು ಹೋದದ್ದೇ ಒಳ್ಳೆಯದಾಯಿತು ಅನ್ನುವ ಹಾಗೆ ಡಾಕ್ಟ್ರಮ್ಮ ಕೆಲಸ ಶುರು ಮಾಡಿದರು. ಆ ಕಂದು ಗೆರೆಯ ಹಲ್ಲನ್ನು ಉಜ್ಜಿ ತೊಳೆದು, ಸುತ್ತ ಹತ್ತಿ ಇಟ್ಟು, ಗಾಳಿ ಬಿಟ್ಟು ಒಣಗಿಸಿ, ಸಣ್ಣ ಕೊಳವೆಯಿಂದ ಕಡುನೀಲಿ ಅಂಟು ಒಂದನ್ನು ಹಲ್ಲಿನ ಮೇಲೆ ಹಾಕಿದರು. ಅದೇ ಹೊತ್ತಿಗೆ ಲೀಕು ಬಾಗಿಲಲ್ಲಿ ಬಂದು ನಿಂತ. ಮಗಳ ಬಾಯಲ್ಲಿ ನೀಲಿ ಕಂಡು ಅವನ ಮುಖ ಅರಳಿತು ನೋಡಿ!

"ಭಾವ, ನೀಲಿ ಹಾಕಿದಾರೆ! ಟೆಸ್ಟು! ಇವರು ನಮ್ಮೋರೇ!"

ಡಾಕ್ಟ್ರಮ್ಮ ಅರ್ಧ ನಿಮಿಷವಾಗುತ್ತಲೇ ಅದನ್ನು ತೊಳೆಯಲು ಹೋದರು.

"ಅಯ್ಯೋ, ತೊಳೀಬೇಡಿ! ಒಂದು ರಾತ್ರಿ ನಿಲ್ಲಬೇಕು!"

"ಇದು ಟೆಸ್ಟ್ ಅಲ್ಲಪ್ಪ. ಮೇಲ್ಮೈ ಸ್ವಲ್ಪ ತರಿಯಾಗಲಿ, ಸೀಲಂಟ್ ಹಿಡಿದುಕೊಳ್ಳಲಿ ಅಂತ ಹಾಕೋ ಆಸಿಡ್," ಅನ್ನುತ್ತಲೇ ಅವರು ನೀಲಿಯನ್ನೆಲ್ಲ ತೊಳೆದು ತೆಗೆದರು.

ನನಗೆ ತಕ್ಷಣ ತಿಳಿಯಿತು. ಟ್ಯೂಬಿಗೆ ಪ್ಯಾಚು ಹಾಕುವ ಮುಂಚೆ ನಾವು ಉಜ್ಜುವುದಿಲ್ಲವೇ, ಹಾಗೆ. ಆದರೆ ಇವನಿಗೆ ಆಸಿಡ್ಡೆಂದರೆ ಬಚ್ಚಲು ತೊಳೆಯುವುದೊಂದೇ.

"ಆಸಿಡ್ಡಾ! ನನ್ನ ಮಗಳ ಬಾಯಿಗೆ ಆಸಿಡ್ಡಾ!"

ಸೂರಿನ ಗಾರೆ ಉದುರುವ ಹಾಗೆ ಕೂಗಿದ. ಗಿಣಿ ಕಟಕ್ಕನೆ ಬಾಯಿ ಮುಚ್ಚಿದಳು. ಹತ್ತಿ ಒಳಗೇ ಉಳಿಯಿತು. ತುಟಿ ಸಂದಿಯಿಂದ ಅದರ ಬಾಲ ಹಿಡಿದೆಳೆದು ತೆಗೆಯಬೇಕಾಯಿತು. ಮುಚ್ಚಿದ ಬಾಯಿ ತೆರೆಯಲಿಲ್ಲ.

ಡಾಕ್ಟ್ರಮ್ಮ ಕೈಗವಸು ಕಳಚಿದರು. "ಹಲ್ಲಿಗೆ ಏನೂ ಆಗಿಲ್ಲ, ತರಿಯಾದದ್ದನ್ನ ಎಂಜಲೇ ಸರಿಮಾಡುತ್ತೆ. ಆದರೆ ಬೇಗ ಕರ್ಕೊಂಡು ಬನ್ನಿ. ಈಗ ಅದು ಬರೀ ಗೆರೆ. ಹುಳುಕು ಒಳಗಿಳಿದ್ರೆ ಸೀಲಂಟ್ ಸಾಲಲ್ಲ, ಆಮೇಲೆ ಕೊರೀಲೇಬೇಕು."

ಕೊರೆಯುವ ಮಾತು ಕೇಳಿ ಗಿಣಿ ತುಟಿಯನ್ನು ಇನ್ನೂ ಬಿಗಿ ಹಿಡಿದಳು.

ಆಮೇಲೆ ಆ ಮನೆ ನೋಡಬೇಕಿತ್ತು. ಗಿಣಿ ಕೊಳವೆಯಲ್ಲಿ ಹಾಲು ಹೀರುತ್ತಾಳೆ, ಊಟಕ್ಕೆ ಎರಡು ಬೆರಳಿನಷ್ಟು ಬಾಯಿ ಬಿಡುತ್ತಾಳೆ, ಅಪ್ಪ ಬಂದರೆ ಅದೂ ಇಲ್ಲ. ಹಲ್ಲುಜ್ಜುವುದಂತೂ ದೂರವೇ ಉಳಿಯಿತು. ಶಾಲೆಯಲ್ಲಿ ಟೀಚರು ಹಾಜರಿ ಕೂಗಿದರೆ ಬೆಂಚು ಕುಟ್ಟುತ್ತಾಳಂತೆ. ಟೀಚರು ಮೊದಲೆರಡು ದಿನ ಖುಷಿಪಟ್ಟು, ಮೂರನೇ ದಿನ ಹೆದರಿ ಹೇಳಿ ಕಳಿಸಿದರು. ನಾನು ಕೋತಿಯ ಹಾಗೆ ಕುಣಿದೆ. ನನ್ನ ಹೆಂಡತಿ ಕಚಗುಳಿ ಇಟ್ಟಳು. ಮೂಗಿನಲ್ಲಿ ನಕ್ಕಳೇ ಹೊರತು ತುಟಿ ಬಿಡಲಿಲ್ಲ.

"ನಿಮ್ಮ ತಮ್ಮ ಜಗತ್ತಲ್ಲಿರೋ ಸೋರಿಕೆಯೆಲ್ಲ ಮುಚ್ಚಿ ಕೊನೆಗೆ ಮಗು ಬಾಯೂ ಮುಚ್ಚಿಬಿಟ್ರು," ಅಂದಳು ಗಿಣಿಯ ತಾಯಿ ನನ್ನ ಹೆಂಡತಿಗೆ. ಅಳುತ್ತಿದ್ದಳೋ ಬೈಯುತ್ತಿದ್ದಳೋ ಗೊತ್ತಾಗಲಿಲ್ಲ.

ಲೀಕು ಕುಗ್ಗಿಹೋದ. ಯಾರ ಮನೆಗೆ ಹೋದರೂ ಸೂರು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಒಂದು ದಿನ ತಾನೇ ಹೋಗಿ ಡಾಕ್ಟ್ರಮ್ಮನ ಮುಂದೆ ನಿಂತ. "ಮೇಡಂ, ನನ್ನಿಂದ ಮಗು ಬಾಯಿ ಮುಚ್ಕೊಂಡ್ಳು. ತೆಗೆಸೋ ಕೆಲಸ ನಂಗೆ ಬರಲ್ಲ, ಮುಚ್ಚೋದೊಂದೇ ಬರೋದು. ನಿಮ್ಮ ಸೂರು ಮುಚ್ಚಿಕೊಡ್ತೀನಿ. ಆಮೇಲೆ ಅವಳನ್ನ ಹೆಂಗಾದ್ರೂ ಕರ್ಕೊಂಡು ಬರ್ತೀನಿ." ಅವರು ಆಗಲಿ ಅಂದರು. ಬೇಡವೆಂದಿದ್ದರೂ ಇವನು ಬಿಡುತ್ತಿರಲಿಲ್ಲ.

ತಾರಸಿ ಮೇಲಿನ ಟ್ಯಾಂಕು ಹಿಂದಿನ ದಿನವಷ್ಟೇ ತುಂಬಿ ಚೆಲ್ಲಿತ್ತು. ಗಾರೆ ಹಸಿ. ಕಾಯಬೇಕಿತ್ತು. ಆದರೆ ಇವನ ಕಣ್ಣಿಗೆ ಬರೀ ಆ ಕಂದು ಗೆರೆ. ಮೇಲಿಂದ ಒರೆಸಿ, ಊದುವ ಮಿಷನ್ನು ಒಂದು ಸುತ್ತು ಹೊಡೆದು ಬಳಿದುಬಿಟ್ಟ. ಬಳಿದದ್ದು ಒಣಗಿದ ಕೂಡಲೇ ನೀಲಿ ನೀರು ನಿಲ್ಲಿಸಿದ. ಮಾರನೇ ದಿನ ಮಧ್ಯಾಹ್ನ ಗಿಣಿಯನ್ನು ಎತ್ತಿಕೊಂಡು ನಾವೆಲ್ಲ ಹೋದೆವು.

"ನೋಡಿ ಮೇಡಂ, ಒಂದು ತೊಟ್ಟೂ ಇಲ್ಲ," ಅಂತ ಸೂರು ತೋರಿಸಿದ.

ಗಿಣಿ ಕುರ್ಚಿ ಹತ್ತಲಿಲ್ಲ. ಬೆರಳು ಚಾಚಿ ಅಪ್ಪನನ್ನು ತೋರಿಸಿದಳು, ಆಮೇಲೆ ಕುರ್ಚಿಯನ್ನು. ಮೊದಲು ನೀನು ಅನ್ನುವ ಹಾಗೆ.

ಲೀಕುವಿನ ಮುಖ ಸುಣ್ಣವಾಯಿತು. "ನಂಗ್ಯಾಕಮ್ಮ, ನಂಗೆ..." ಅಂತ ನನ್ನ ಕಡೆ ನೋಡಿದ. ನಾನು ನೋಡಿದ ನೋಟಕ್ಕೆ ಹೋಗಿ ಒರಗಿಕೊಂಡ. ಅಂಗೈ ಬಾಯಿ ಮೇಲೆ. ಡಾಕ್ಟ್ರಮ್ಮ ಮೆಲ್ಲಗೆ ಆ ಕೈ ತೆಗೆದು ಅವನ ಎದೆಯ ಮೇಲಿಟ್ಟರು. ಗಿಣಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಉದ್ದ ಹಿಡಿಯ ಪುಟ್ಟ ಕನ್ನಡಿ ಕೊಟ್ಟರು. "ಈಗ ನೀನೇ ಡಾಕ್ಟ್ರು. ನೋಡು."

ಲೀಕು ಕಣ್ಣು ಮುಚ್ಚಿ ಬಾಯಿ ಬಿಟ್ಟ. ಗಿಣಿ ಬಗ್ಗಿ ನೋಡಿದಳು. ಆ ಕಡೆ, ಈ ಕಡೆ, ಮೇಲೆ, ಕೆಳಗೆ. ಹುಬ್ಬು ಮೇಲೇರಿತು. ತುಟಿ ಮಾತ್ರ ಅಂಟಿಯೇ ಇತ್ತು.

ಟಪ್.

ಸೂರಿನಿಂದ ಒಂದು ನೀಲಿ ಹನಿ, ಗುರಿಯಿಟ್ಟು ಹೊಡೆದ ಹಾಗೆ, ಲೀಕುವಿನ ನಾಲಿಗೆ ಮೇಲೆ ಬಿತ್ತು. ಅವನು ಕಣ್ಣು ಬಿಟ್ಟ. ಇನ್ನೊಂದು ಹನಿ ಮೂಗಿನ ಮೇಲೆ. ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತನ್ನದೇ ತಾರಸಿ, ತನ್ನದೇ ನೀಲಿ, ತನ್ನದೇ ಬಾಯಿ.

"ಅಪ್ಪಾ!" ಕಿಟಾರನೆ ಕಿರುಚಿದಳು ಗಿಣಿ. "ನಿನ್ನ ಸೂರು ಸೋರ್ತಿದೆ! ನಾಲಿಗೆ ನೀಲಿ ಆಯ್ತು! ಅಪ್ಪಾ, ನಿಂಗೆ ಹಿಂದೆ ಒಂದೂ ಹಲ್ಲಿಲ್ಲ! ಎಲ್ಲಿಟ್ಟೆ? ಯಾರು ತಗೊಂಡ್ರು? ಅತ್ತೇ, ಬಾ ಇಲ್ಲಿ, ಅಪ್ಪಂಗೆ ಬರೀ ಮುಂದಗಡೆ ಇದೆ!"

ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಡೆದ ಟ್ಯಾಂಕಿನ ಹಾಗೆ ಹರಿಯಿತು. ಗಿಣಿಯ ತಾಯಿ ಗೋಡೆಗೆ ಒರಗಿ ಸೆರಗಿಂದ ಕಣ್ಣೊರೆಸಿಕೊಂಡಳು.

"ಹುಳುಕಾಯ್ತು, ಕಿತ್ತಿಸ್ದೆ," ಅಂದ ಲೀಕು, ನೀಲಿ ನಾಲಿಗೆಯಲ್ಲಿ.

"ಊರಿಗೆಲ್ಲ ಮುಚ್ಚಿಕೊಡ್ತೀಯಲ್ಲ, ನಿಂದು ಯಾಕೆ ಮುಚ್ಚಿಸ್ಲಿಲ್ಲ?"

"ಹಲ್ಲನ್ನೂ ಮುಚ್ಚಬಹುದು ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣಮ್ಮ."

ಗಿಣಿ ಯೋಚಿಸಿದಳು. ಅಪ್ಪನ ಬಾಯಿಯನ್ನು ಇನ್ನೊಮ್ಮೆ ನೋಡಿದಳು. "ಇಳಿ," ಅಂದಳು.

ಅಪ್ಪ ಇಳಿದ, ಮಗಳು ಹತ್ತಿದಳು. ಆದರೆ ಹನಿ ನಿಂತಿರಲಿಲ್ಲ. ಕುರ್ಚಿ ನೆಲಕ್ಕೆ ಬಿಗಿದದ್ದು, ಸರಿಸಲು ಬರುವುದಿಲ್ಲ. ಡಾಕ್ಟ್ರಮ್ಮ ದೀಪದ ಕೈಯನ್ನು ಪಕ್ಕಕ್ಕೆಳೆದು, "ಇನ್ನೊಂದು ದಿನ ಮಾಡೋಣ," ಅಂದರು.

"ಇನ್ನೊಂದು ದಿನ ಇವಳು ಬಾಯಿ ತೆಗೀತಾಳೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ?" ಅಂತ ನಾನು ರೇಗಿ, ಬಾಗಿಲ ಹಿಂದೆ ಯಾರೋ ಬಿಟ್ಟುಹೋಗಿದ್ದ ಕೊಡೆ ತಂದು ಬಿಚ್ಚಿದೆ. ಹಾಗೆ ನಾಲ್ಕೂ ಹಲ್ಲಿನ ಕೆಲಸ ಕೊಡೆಯ ಕೆಳಗೆ ನಡೆಯಿತು. ಮೇಲೆ ನೀಲಿ ಹನಿ ಟಪ್ ಟಪ್, ಕೆಳಗೆ ನೀಲಿ ಅಂಟು. ಲೀಕು ಈ ಸಲ ಉಸಿರೆತ್ತಲಿಲ್ಲ. ತೊಳೆದರು, ಹತ್ತಿ ಬದಲಾಯಿಸಿದರು, ಹಲ್ಲು ಸುಣ್ಣದ ಹಾಗೆ ಬೆಳ್ಳಗೆ ಕಾಣುವವರೆಗೂ ಒಣಗಿಸಿದರು. ಹಾಲಿನ ಬಣ್ಣದ ತೆಳು ದ್ರವ ಗೀರಿನೊಳಗೆ ಹರಿಸಿ ಒಂದು ಲೈಟು ಹಿಡಿದರು. ಗಟ್ಟಿಯಾಯಿತು, ಮುಗಿಯಿತು. ಕೊಡೆ ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗಿತ್ತು.

"ಮೇಲಿಂದು ಯಾಕೆ ಸೋರ್ತು?" ಅಂತ ಡಾಕ್ಟ್ರಮ್ಮ ಲೀಕುವನ್ನು ಕೇಳಿದರು.

"ಒಣಗಿರ್ಲಿಲ್ಲ ಮೇಡಂ. ಅವಸರ ಮಾಡ್ದೆ."

"ಇದೂ ಅಷ್ಟೇ. ಒಂಚೂರು ಎಂಜಲು ತಾಗಿದ್ರೂ ನಿಲ್ಲಲ್ಲ. ಸರಿಯಾಗಿ ಹಾಕಿದ್ದೂ ವರ್ಷಗಳಾದ ಮೇಲೆ ಚಕ್ಕೆ ಏಳಬಹುದು. ಆರು ತಿಂಗಳಿಗೊಂದ್ಸಲ ತೋರಿಸಿ, ಬಿಟ್ಟಿದ್ರೆ ಮತ್ತೆ ಹಾಕ್ತೀನಿ. ಬ್ರಷ್ ಮಾತ್ರ ಬಿಡೋ ಹಾಗಿಲ್ಲ, ಹಲ್ಲು ಹಲ್ಲಿನ ಸಂದಿಯನ್ನ ಇದು ಕಾಯಲ್ಲ."

"ನಾನೂ ತಿರುಗಿ ಬಂದು ನಿಮ್ಮ ಸೂರು ನೋಡ್ತೀನಿ ಮೇಡಂ," ಅಂದ ಲೀಕು.

ಸಂಜೆ ಎಲ್ಲ ಅವನ ಮನೆಯಲ್ಲೇ ಕೂತಿದ್ದೆವು. ಗಿಣಿಯ ಬಾಯಿ ನಿಲ್ಲದೆ ಓಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಮುಚ್ಚಿದ ಮೇಲೆ ನೀರು ನಿಲ್ಲಿಸ್ಬೇಕಲ್ವಾ? ನೀಲಿ ಎಲ್ಲಿದೆ?"

"ನೀಲಿ ಬೇಡ!" ಅಂತ ನಾವೆಲ್ಲ ಒಟ್ಟಿಗೆ ಕೂಗಿದೆವು. ಬರೀ ನೀರಿಗೆ ಒಪ್ಪಿದಳು, ಆದರೆ ಎಲ್ಲರೂ ತುಂಬಿಕೊಳ್ಳಬೇಕು ಅಂತ ಹಟ. ಐದು ಜನ ಕೆನ್ನೆ ಊದಿಸಿಕೊಂಡು ಗೋಡೆಗೆ ಒರಗಿ ಕೂತೆವು. ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ನಾನು ಕಂಡಿರಲಿಲ್ಲ. ಲೀಕು ಮಗಳ ಕೆನ್ನೆಯನ್ನು ತಾರಸಿ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಬುಸ್ಸೆಂದು ಎಲ್ಲ ನೀರೂ ಅಪ್ಪನ ಮುಖಕ್ಕೆ. ಅವನೂ ಉಗಿದು ನಕ್ಕ, ಬಾಯಿ ಪೂರ್ತಿ ಬಿಟ್ಟು, ಹಿಂದಿನ ಖಾಲಿಯೆಲ್ಲ ಕಾಣುವ ಹಾಗೆ. ಕೈ ತೊಡೆಯ ಮೇಲೇ ಇತ್ತು.

ಹೊಸದಾಗಿ ಒಗೆದ ನನ್ನ ಅಂಗಿ ಒದ್ದೆಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರಿಗೂ ಸರಿಯಾಗಿ ಬೈಯೋಣ ಅಂತ ಬಾಯಿ ತೆಗೆದೆ. ನನ್ನ ಬಾಯಲ್ಲೂ ನೀರಿದ್ದದ್ದು ಮರೆತೇಹೋಗಿತ್ತು.